ಬೀಥೋವನ್‌ನ ಮುಖ: ಅಚ್ಚಿನಿಂದ ಅಮೃತಶಿಲೆಯವರೆಗೆ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪರಿಚಯ ಅಷ್ಟಾಗಿ ಇಲ್ಲದವರೂ ಲುಡ್ವಿಗ್ ವಾನ್ ಬೀಥೋವನ್‌ನ ಮುಖವನ್ನು ಗುರುತಿಸಬಲ್ಲರು. ಕೆದರಿದ ಕೂದಲು, ಗಂಟಿಕ್ಕಿದ ಹುಬ್ಬು, ಬಿಗಿದ ತುಟಿ, ಲೋಕದ ಮೇಲೆ ಮುನಿದಂತಿರುವ ನೋಟ. ಪಿಯಾನೋ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಈ ಮುಖ ಪುಟ್ಟ ಪ್ರತಿಮೆಯಾಗಿ ಕುಳಿತಿರುವುದುಂಟು. ಇದರಲ್ಲಿ ವಾಸ್ತವವೆಷ್ಟು, ಶಿಲ್ಪಿಗಳ ಕಲ್ಪನೆಯೆಷ್ಟು ಎಂಬುದು ಕುತೂಹಲಕರವಾದ ಪ್ರಶ್ನೆ. ಉತ್ತರವನ್ನು ಯೂರೋಪಿನ ಕೆಲವು ವಸ್ತುಸಂಗ್ರಹಾಲಯಗಳಲ್ಲಿ ಹುಡುಕಬಹುದು.

ಜನ್ಮಗೃಹದ ಸಂಗ್ರಹ

ಬೀಥೋವನ್ 1770ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಜನಿಸಿದ. ಆತ ಹುಟ್ಟಿದ ಮನೆ ಕಾಲಾಂತರದಲ್ಲಿ ನಾಶವಾಗುವ ಭೀತಿ ಎದುರಾದಾಗ, 1889ರಲ್ಲಿ ಆ ಊರಿನ ಹನ್ನೆರಡು ಮಂದಿ ನಾಗರಿಕರು ಸಂಘವೊಂದನ್ನು ಕಟ್ಟಿ ಅದನ್ನು ಕೊಂಡುಕೊಂಡರು. 1893ರಲ್ಲಿ ಅದು ಸಂಗ್ರಹಾಲಯವಾಗಿ ತೆರೆಯಿತು. ಕೆಲವೇ ಜನರ ಕಾಳಜಿಯಿಂದ ಉಳಿದ ಈ ಮನೆಯಲ್ಲಿ ಹಸ್ತಪ್ರತಿಗಳು ಹಾಗೂ ವಾದ್ಯಗಳ ಜೊತೆಗೆ ಸಂಗೀತಗಾರನ ಮುಖದ ಅಚ್ಚುಗಳ ಪ್ರತಿಗಳೂ ಪ್ರತಿಮೆಗಳೂ ಇವೆ.

1812ರ ಅಚ್ಚು

ಬೀಥೋವನ್‌ನ ಮುಖದ ಅತ್ಯಂತ ವಿಶ್ವಾಸಾರ್ಹ ದಾಖಲೆ 1812ರದು. ವಿಯೆನ್ನಾದ ಪಿಯಾನೋ ತಯಾರಕರಾದ ಸ್ಟ್ರೈಖರ್ ದಂಪತಿಗಳು ತಮ್ಮ ಸಂಗೀತ ಸಭಾಂಗಣಕ್ಕೆ ಆತನ ಎದೆಮಟ್ಟದ ಪ್ರತಿಮೆಯೊಂದನ್ನು ಬಯಸಿದರು. ಶಿಲ್ಪಿ ಫ್ರಾಂಜ್ ಕ್ಲೈನ್ ಅದಕ್ಕಾಗಿ ಜೀವಂತ ಮುಖದ ಮೇಲೆಯೇ ಪ್ಲಾಸ್ಟರ್ ಹಚ್ಚಿ ಅಚ್ಚು ತೆಗೆದ. ಈ ವಿಧಾನದಲ್ಲಿ ಮುಖಕ್ಕೆ ಜಿಡ್ಡು ಸವರಿ, ಕಣ್ಣು ಮುಚ್ಚಿಸಿ, ಉಸಿರಾಟಕ್ಕೆ ಮಾತ್ರ ಅವಕಾಶವಿಟ್ಟು, ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಅಲುಗಾಡದೆ ಇರಬೇಕಾಗುತ್ತದೆ. ಉಸಿರುಗಟ್ಟುವ ಭಯದಿಂದ ಬೀಥೋವನ್ ಮೊದಲ ಪ್ರಯತ್ನವನ್ನು ಅರ್ಧಕ್ಕೇ ಕಿತ್ತೆಸೆದನೆಂಬ ಕಥೆಯೂ ಪ್ರಚಲಿತವಾಗಿದೆ.

ಇಲ್ಲಿಯೇ ಸ್ವಾರಸ್ಯವಿದೆ. ಅಚ್ಚಿನಲ್ಲಿ ಸಿಡುಬಿನ ಕಲೆಗಳೂ ಮೂಡಿವೆ. ಚಿತ್ರಕಾರರು ಸಾಮಾನ್ಯವಾಗಿ ಮರೆಮಾಚುವ ವಿವರಗಳಿವು. ಆದರೆ ಕೆಳಗಿಳಿದ ತುಟಿಯಂಚು ಹಾಗೂ ಬಿಗಿದ ದವಡೆಗೆ ಒದ್ದೆ ಪ್ಲಾಸ್ಟರಿನ ಭಾರ ಮತ್ತು ಅದನ್ನು ಸಹಿಸುತ್ತಿದ್ದವನ ಇರುಸುಮುರುಸು ಬಹುಮಟ್ಟಿಗೆ ಕಾರಣವಾಗಿರಬೇಕು. ಮುಂದಿನ ತಲೆಮಾರುಗಳು ಅದನ್ನೇ ವಿಧಿಯೊಡನೆ ಸೆಣಸುವ ಮಹಾಪ್ರತಿಭೆಯ ಕೋಪವೆಂದು ಓದಿಕೊಂಡವು.

ಮರಣಾನಂತರದ ಮುಖ

ಬೀಥೋವನ್ 1827ರ ಮಾರ್ಚ್ 26ರಂದು ನಿಧನನಾದ. ಎರಡು ದಿನಗಳ ಬಳಿಕ ಜೋಸೆಫ್ ಡಾನ್‌ಹೌಸರ್ ಮುಖದ ಅಚ್ಚು ತೆಗೆದ. ಅಷ್ಟರಲ್ಲಿ ಶವಪರೀಕ್ಷೆ ನಡೆದಿತ್ತು. ಕಿವುಡುತನದ ಕಾರಣ ಅರಿಯಲು ಕಿವಿಯ ಭಾಗದ ಎಲುಬುಗಳನ್ನು ತೆಗೆಯಲಾಗಿತ್ತು. ಆದ್ದರಿಂದ ಈ ಅಚ್ಚಿನಲ್ಲಿ ಮುಖ ಕುಸಿದಂತೆ ಕಾಣುತ್ತದೆ. ಗೋಡೆಗೆ ತೂಗುಹಾಕಲು ಮಾರಾಟವಾಗುವ ತುಂಬುಮುಖದ ಪ್ರತಿಗಳನ್ನು ಅನೇಕರು ಮರಣಾನಂತರದ್ದೆಂದು ಭಾವಿಸುತ್ತಾರೆ. ಅವು ಹೆಚ್ಚಾಗಿ 1812ರ ಜೀವಂತ ಮುಖದ ಅಚ್ಚಿನ ಪ್ರತಿಗಳೇ.

ಕಲ್ಪನೆಯ ಶಿಲ್ಪಗಳು

ಕಾಲ ಕಳೆದಂತೆ ಶಿಲ್ಪಿಗಳು ಮನುಷ್ಯನನ್ನು ಬಿಟ್ಟು ಕಲ್ಪನೆಯ ದೇವತೆಯನ್ನು ಕೆತ್ತತೊಡಗಿದರು. ಮ್ಯಾಕ್ಸ್ ಕ್ಲಿಂಗರ್ ವಿವಿಧ ವರ್ಣದ ಅಮೃತಶಿಲೆ, ಕಂಚು, ದಂತಗಳನ್ನು ಬೆರೆಸಿ ನಿರ್ಮಿಸಿದ ಶಿಲ್ಪದಲ್ಲಿ ಬೀಥೋವನ್ ಬರಿಮೈಯಲ್ಲಿ ಸಿಂಹಾಸನಾಸೀನನಾಗಿದ್ದಾನೆ, ಎದುರಿಗೊಂದು ಹದ್ದಿದೆ. 1902ರಲ್ಲಿ ವಿಯೆನ್ನಾದಲ್ಲಿ ಪ್ರದರ್ಶಿತವಾದ ಈ ಕೃತಿಗಾಗಿ ಇಡೀ ಪ್ರದರ್ಶನವೇ ಏರ್ಪಟ್ಟಿತ್ತು. ಗುಸ್ತಾವ್ ಕ್ಲಿಮ್ಟ್ ಅಲ್ಲಿನ ಗೋಡೆಗೆ ತನ್ನ ಪ್ರಸಿದ್ಧ ಚಿತ್ರಮಾಲೆಯನ್ನು ರಚಿಸಿದ. ಶಿಲ್ಪ ಈಗ ಲೈಪ್‌ಜಿಗ್‌ನ ಲಲಿತಕಲಾ ಸಂಗ್ರಹಾಲಯದಲ್ಲಿದೆ.

ಫ್ರಾನ್ಸಿನ ಆಂಟ್ವಾನ್ ಬೂರ್ದೆಲ್‌ನದು ಬೇರೆಯೇ ಬಗೆಯ ತಾದಾತ್ಮ್ಯ. ಬೀಥೋವನ್‌ನ ಮುಖಕ್ಕೂ ತನ್ನ ಮುಖಕ್ಕೂ ಇರುವ ಹೋಲಿಕೆಯನ್ನು ಆತ ಯೌವನದಲ್ಲೇ ಕಂಡುಕೊಂಡನೆಂದು ಹೇಳುತ್ತಾರೆ. 1880ರ ದಶಕದ ಕೊನೆಯಿಂದ 1929ರಲ್ಲಿ ತೀರಿಕೊಳ್ಳುವವರೆಗೆ ಆತ ಈ ಒಂದೇ ಮುಖವನ್ನು ಹಲವು ಹತ್ತು ಬಾರಿ ರೂಪಿಸಿದ. ಮೊದಲಿನವು ಶಾಂತ, 1901ರ ಹೊತ್ತಿಗೆ ಮುಖ ಒಡೆದ ಬಂಡೆಯಂತಾಗಿ, ಕಣ್ಣು ಬಾಯಿಗಳು ನೋವಿನ ಕುಳಿಗಳಾಗುತ್ತವೆ. ಆತನ ಕಾರ್ಯಶಾಲೆಯೇ ಈಗ ಪ್ಯಾರಿಸಿನ ಬೂರ್ದೆಲ್ ಸಂಗ್ರಹಾಲಯ. ಅಲ್ಲಿ ಈ ಸರಣಿಯನ್ನು ಕ್ರಮವಾಗಿ ನೋಡಿದವರಿಗೆ ಸಂಗೀತಗಾರನಿಗಿಂತ ಹೆಚ್ಚಾಗಿ ಶಿಲ್ಪಿಯ ಅಂತರಂಗವೇ ಗೋಚರಿಸೀತು.

ನೋಡುವ ಬಗೆ

ಹೀಗೆ ಒಬ್ಬನೇ ವ್ಯಕ್ತಿಯ ಪ್ರತಿಮೆಗಳಲ್ಲಿ ಮೂರು ಬಗೆಗಳಿವೆ: ಜೀವಂತ ಮುಖದಿಂದ ಪಡೆದವು, ಮೃತ ಮುಖದಿಂದ ಪಡೆದವು, ಆರಾಧಕರ ಮನಸ್ಸಿನಿಂದ ಮೂಡಿದವು. ಸಂಗ್ರಹಾಲಯದಲ್ಲಿ ಪ್ರತಿಮೆಯ ಕೆಳಗಿರುವ ಇಸವಿಯನ್ನೂ ಶಿಲ್ಪಿಯ ಹೆಸರನ್ನೂ ಮೊದಲು ಓದಿದರೆ ಯಾವುದರಿಂದ ಏನನ್ನು ನಿರೀಕ್ಷಿಸಬೇಕೆಂಬುದು ತಿಳಿಯುತ್ತದೆ. ಮೂರನೆಯ ಬಗೆಯವು ಕಲೆಯಾಗಿ ಕಡಿಮೆಯವೇನಲ್ಲ. ಅವುಗಳನ್ನು ಭಾವಚಿತ್ರವೆಂದು ನಂಬುವುದಷ್ಟೇ ಸಲ್ಲದು.

ಇನ್ನೊಂದು ಸಂಗತಿ ಗಮನಾರ್ಹ. ಆ ಗಂಭೀರ ಅಚ್ಚು ತೆಗೆದ 1812ರಲ್ಲಿಯೇ ಬೀಥೋವನ್ ತನ್ನ ಎಂಟನೆಯ ಸಿಂಫನಿಯನ್ನು ಪೂರ್ಣಗೊಳಿಸಿದ. ಶ್ರವಣಶಕ್ತಿ ಕುಂದುತ್ತಿದ್ದ ದಿನಗಳಲ್ಲಿ ರಚಿತವಾದ ಆ ಕೃತಿ ವಿನೋದ, ಲವಲವಿಕೆ, ತುಂಟತನಗಳಿಂದ ಕೂಡಿದೆ. ಪ್ಲಾಸ್ಟರಿನಡಿಯ ಮುಖ ನಗಲಾರದೆ ಹೋಯಿತು. ಆ ನಗೆಯನ್ನು ಕೇಳಬಯಸುವವರು ಅದೇ ವರ್ಷದ ಸಂಗೀತಕ್ಕೆ ಕಿವಿಗೊಡಬೇಕು.