ಕೆಲಸ ಅಲುಗಾಡಿದಾಗ ಮಿದುಳಿಗೆ ಬೇಕಾದ ಹಿಡಿತ

ಷಿಕಾಗೊ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಸಾಲ್ವಟೋರ್ ಮ್ಯಾಡಿ ಮತ್ತು ಸಂಗಡಿಗರು 1975ರಲ್ಲಿ ಇಲಿನಾಯ್ ಬೆಲ್ ಎಂಬ ದೂರವಾಣಿ ಕಂಪನಿಯ ಸುಮಾರು 450 ಮ್ಯಾನೇಜರ್, ಸೂಪರ್‌ವೈಸರ್‌ಗಳ ಆರೋಗ್ಯವನ್ನು ವರ್ಷವರ್ಷವೂ ದಾಖಲಿಸತೊಡಗಿದರು. ಕೆಲವೇ ವರ್ಷಗಳಲ್ಲಿ ಅದರ ಮಾತೃಸಂಸ್ಥೆ ಎಟಿ ಅಂಡ್ ಟಿಯ ಏಕಸ್ವಾಮ್ಯ ಮುರಿದುಬಿತ್ತು. ಇಲಿನಾಯ್ ಬೆಲ್‌ನಲ್ಲಿ ಸುಮಾರು 26,000 ಇದ್ದ ಸಿಬ್ಬಂದಿ ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಸಂಶೋಧಕರು ಸಾಮಾನ್ಯವಾಗಿ ಪೆಟ್ಟು ಬಿದ್ದ ಮೇಲೆ ಬರುತ್ತಾರೆ. ಇಲ್ಲಿ ಪೆಟ್ಟಿಗೆ ಮುಂಚಿನ ಲೆಕ್ಕವೂ ಕೈಯಲ್ಲಿತ್ತು. ಈ ಅಧ್ಯಯನದ ಬೆಲೆ ಇರುವುದೇ ಅಲ್ಲಿ. ಮೂರರಲ್ಲಿ ಎರಡು ಪಾಲು ಜನ ಕುಸಿದರು: ಹೃದಯಾಘಾತ, ಖಿನ್ನತೆ, ಕುಡಿತ, ವಿಚ್ಛೇದನ. ಉಳಿದವರು ತಾಳಿಕೊಂಡರು, ಇನ್ನೂ ಚೆನ್ನಾಗಿ ಬೆಳೆದರು. ಅವರಲ್ಲಿ ಎದ್ದು ಕಂಡದ್ದು ಮೂರು ಗುಣ. ಕಷ್ಟದಲ್ಲೂ ಕೆಲಸದಿಂದ, ಜೊತೆಯವರಿಂದ ದೂರ ಸರಿಯದಿರುವುದು. ಬದಲಾವಣೆಯಿಂದ ಕಲಿಯಲು ಹೊರಡುವುದು. ತನ್ನ ಕೈಯಿಂದ ಏನಾದರೂ ಆದೀತೆಂಬ ನಂಬಿಕೆ.

ಕೊನೆಯದೇ ನನಗೆ ಮುಖ್ಯವೆನಿಸುತ್ತದೆ, ಏಕೆಂದರೆ ಅದರ ಬೇರು ಮಿದುಳಿನಲ್ಲೇ ಸಿಕ್ಕಿದೆ. ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಕ್ಕೆ ಸಿಕ್ಕ ನಾಯಿಗಳು ಮುಂದೆ ದಾರಿಯಿದ್ದರೂ ಯತ್ನಿಸದೆ ಬಿದ್ದಿರುತ್ತವೆಂದು ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್‌ಮನ್, ಸ್ಟೀವನ್ ಮಾಯರ್ 1967ರಲ್ಲಿ ತೋರಿಸಿದ್ದರು. ಅಸಹಾಯಕತೆ ಕಲಿತದ್ದು ಎಂಬುದು ಅವರ ಅಂದಿನ ತೀರ್ಮಾನ. 2016ರಲ್ಲಿ ಅವರೇ ಅದನ್ನು ತಿರುಗಿಸಿ ಹಾಕಿದರು. ಕಷ್ಟ ಬಹಳ ಹೊತ್ತು ಎಳೆದಾಗ ಸುಮ್ಮನೆ ಕುಸಿಯುವುದು ಮಿದುಳುಕಾಂಡದ ಸಹಜ ಪ್ರತಿಕ್ರಿಯೆ. ಜೀವಿ ಕಲಿಯುವುದು ಹಿಡಿತವನ್ನು. ತಾನು ಮಾಡಿದ್ದಕ್ಕೆ ಫಲವಿದೆ ಎಂದು ಗೊತ್ತಾದಾಗ ಹಣೆಯ ಹಿಂದಿರುವ ಮಿದುಳಿನ ಭಾಗ ಆ ಕುಸಿತಕ್ಕೆ ಕಡಿವಾಣ ಹಾಕುತ್ತದೆ. ಪ್ರಯೋಗಗಳಲ್ಲಿ ಒಮ್ಮೆ ಹಿಡಿತದ ರುಚಿ ಕಂಡ ಇಲಿಗಳು ಮುಂದೆ ಹಿಡಿತವಿಲ್ಲದ ಆಘಾತವನ್ನೂ ಚೆನ್ನಾಗಿ ತಾಳಿಕೊಂಡವು.

ಹಾಗಿರುವಾಗ ಕುಸಿದವರನ್ನು ಮನಸ್ಸು ಗಟ್ಟಿಯಿಲ್ಲದವರೆಂದು ಜರೆಯುವುದು ಅನ್ಯಾಯ. 1985ರಲ್ಲಿ ಲಂಡನ್ನಿನಲ್ಲಿ ಶುರುವಾದ 10,308 ಸರ್ಕಾರಿ ನೌಕರರ ಅಧ್ಯಯನದಲ್ಲಿ, ಕೆಲಸದ ಮೇಲೆ ತಮ್ಮ ಮಾತು ನಡೆಯದವರಿಗೆ ಹೃದ್ರೋಗದ ಅಪಾಯ ಹೆಚ್ಚಿತ್ತು. ಆದ್ದರಿಂದ ಯಾವ ವಿಭಾಗ ಯಾವಾಗ ಬದಲಾಗುತ್ತದೆ, ಯಾವುದನ್ನು ನೌಕರರೇ ತೀರ್ಮಾನಿಸಬಹುದು ಎಂದು ಮುಂಚಿತವಾಗಿ ಹೇಳುವುದು ಕಚೇರಿಯ ಹೊಣೆ.

ಮ್ಯಾಡಿ ಮುಂದೆ ಈ ಗುಣಗಳನ್ನು ಕಲಿಸುವ ತರಬೇತಿಯನ್ನೂ ರೂಪಿಸಿದರು. ಅದರಲ್ಲಿ ಭಾಷಣಕ್ಕಿಂತ ಅಭ್ಯಾಸ ಹೆಚ್ಚು: ಕಾಡುವ ಒಂದು ತೊಂದರೆಯನ್ನು ಎತ್ತಿಕೊಂಡು, ತನ್ನಿಂದಾಗುವ ಒಂದು ಹೆಜ್ಜೆ ಗುರುತಿಸಿ, ಇಟ್ಟು, ಫಲ ಏನಾಯಿತೆಂದು ನೋಡಿ, ಮುಂದಿನದಕ್ಕೆ ಹೋಗುವುದು.