ಮೂರು ವರ್ಷದ ಲ್ಯಾಪ್‌ಟಾಪ್, ಹೊಸ ಮಾಡೆಲ್ಲಿನ ಸೆಳೆತ

ತೆಲಂಗಾಣದ ಗದ್ವಾಲ ಜಿಲ್ಲೆಯ ಇಟಿಕ್ಯಾಲದಿಂದ ಲ್ಯಾಪ್‌ಟಾಪ್ ಕೊಳ್ಳಲು ಹೊರಟವರಿಗೆ ದಾರಿ ಹಲವು. ರೈಲು ಹಿಡಿದರೆ ಒಂದು ದಿಕ್ಕಿಗೆ ಗದ್ವಾಲ, ಇನ್ನೊಂದು ದಿಕ್ಕಿಗೆ ಕರ್ನೂಲು. 2013ರಲ್ಲಿ ಗದ್ವಾಲ–ರಾಯಚೂರು ರೈಲುಮಾರ್ಗ ತೆರೆದ ಮೇಲೆ ರಾಯಚೂರಿನ ಅಂಗಡಿಗಳೂ ಹತ್ತಿರವಾದವು. ಎರ್ರವಲ್ಲಿ ಚೌರಸ್ತಾಕ್ಕೆ ಬಂದರೆ 44ನೇ ರಾಷ್ಟ್ರೀಯ ಹೆದ್ದಾರಿ ಹೈದರಾಬಾದಿಗೆ ಕರೆದೊಯ್ಯುತ್ತದೆ. ಎಲ್ಲಿಗೆ ಹೋದರೂ ಕೌಂಟರಿನ ಆಚೆಯಿಂದ ಬರುವ ಮಾತು ಒಂದೇ: ‘ನಿಮ್ದು ಹಳೇ ಮಾಡೆಲ್ ಆತ್ರಿ, ಹೊಸದು ಬಂದದ.’

ಹತ್ತಿಬೀಜ ಬೆಳೆದೋ ಮಗ್ಗದಲ್ಲಿ ಸೀರೆ ನೇಯ್ದೋ ಕೂಡಿಸಿದ ದುಡ್ಡಿನಲ್ಲಿ ಎರಡು ಮೂರು ವರ್ಷದ ಹಿಂದೆ ಮಗಳ ಡಿಗ್ರಿಗೆಂದು ಲ್ಯಾಪ್‌ಟಾಪ್ ಕೊಡಿಸಿದ ಮನೆಗೆ ಈ ಮಾತು ಸಣ್ಣದಲ್ಲ. ಮತ್ತೆ ಐವತ್ತು, ಅರವತ್ತು ಸಾವಿರ ಹಾಕಬೇಕೇ? ಉತ್ತರ ಹುಡುಕಲು ಮೊದಲು ನೋಡಬೇಕಾದದ್ದು ‘ಹೊಸದು’ ಅಂದರೆ ನಿಜಕ್ಕೂ ಎಷ್ಟು ಹೊಸದು ಎಂಬುದನ್ನು.

ಇಂಟೆಲ್ ಕಂಪನಿಯ ಮೂರು ಪ್ರೊಸೆಸರ್‌ಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. 2022ರಲ್ಲಿ ಬಂದ ಕೋರ್ ಐ5-1235ಯು ಲೆಕ್ಕವಿಲ್ಲದಷ್ಟು ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ನಲ್ಲಿತ್ತು. ಅದರಲ್ಲಿ 10 ಕೋರ್‌ಗಳು: ಭಾರದ ಕೆಲಸಕ್ಕೆ 2, ಹಗುರ ಕೆಲಸಕ್ಕೆ 8. ಗರಿಷ್ಠ ವೇಗ 4.4 ಗಿಗಾಹರ್ಟ್ಸ್. ಮರುವರ್ಷ ಐ5-1335ಯು ಬಂತು. ಕೋರ್‌ಗಳು ಅವೇ 10, ಒಳಗಿನ 12 ಎಂಬಿ ಕ್ಯಾಷೆ ಅದೇ, ವೇಗ 4.6. 2024ರಲ್ಲಿ ‘ಐ’ ಅಕ್ಷರವನ್ನೇ ತೆಗೆದು ಕೋರ್ 5 120ಯು ಎಂಬ ಹೊಚ್ಚಹೊಸ ಹೆಸರು ಕೊಟ್ಟರು. ಅದರಲ್ಲೂ 2 ಮತ್ತು 8 ಸೇರಿ 10 ಕೋರ್, 12 ಎಂಬಿ ಕ್ಯಾಷೆ; ವೇಗ 5.0ಕ್ಕೆ ಏರಿತು. ಮೂರು ತಲೆಮಾರಿನ ಹೆಸರಿದ್ದರೂ ಒಳಗಿನ ಕಟ್ಟಡ ಹೆಚ್ಚುಕಡಿಮೆ ಒಂದೇ. ವರ್ಡ್, ಎಕ್ಸೆಲ್, ಬ್ರೌಸರ್, ಆನ್‌ಲೈನ್ ಪಾಠಗಳಲ್ಲಿ ಈ ಅಂತರ ಬಳಸುವವರ ಅನುಭವಕ್ಕೆ ಬರುವುದು ಕಷ್ಟ.

ಎಎಂಡಿಯ ಕಥೆ ಇನ್ನೂ ವಿಚಿತ್ರ. 2021ರ ರೈಜನ್ 5 5500ಯು ಪ್ರೊಸೆಸರ್‌ನಲ್ಲಿ 6 ಕೋರ್‌ಗಳಿದ್ದವು. 2022ರ ಸೆಪ್ಟೆಂಬರಿನಲ್ಲಿ ಬಂದ ರೈಜನ್ 5 7520ಯುನಲ್ಲಿ ಇರುವುದು 4 ಮಾತ್ರ. ಎರಡರ ಕೋರ್ ವಿನ್ಯಾಸವೂ 2019ರಲ್ಲಿ ಹೊರಬಂದ ಜೆನ್ 2. ಸಂಖ್ಯೆ ಐದು ಸಾವಿರದಿಂದ ಏಳು ಸಾವಿರಕ್ಕೆ ಹೋಯಿತು, ಕೋರ್ ಎರಡು ಕಡಿಮೆಯಾದವು. ಗುಟ್ಟು ಮೂರನೇ ಅಂಕಿಯಲ್ಲಿದೆ: 7520ರ ‘2’ ಅಂದರೆ ಜೆನ್ 2. ಮೊದಲ ಅಂಕಿ 7 ಹೇಳುವುದು ಅದು ಯಾವ ವರ್ಷದ ಪಟ್ಟಿಗೆ ಸೇರಿದ್ದು ಎಂಬುದನ್ನಷ್ಟೇ. ಸಾಲದ್ದಕ್ಕೆ ಈ ಪ್ರೊಸೆಸರ್ ಒಪ್ಪುವುದು ಬೋರ್ಡಿಗೇ ಬೆಸುಗೆ ಹಾಕಿದ ರ‍್ಯಾಮ್ ಮಾತ್ರ. 8 ಜಿಬಿ ಕೊಂಡರೆ ಕೊನೆತನಕ 8 ಜಿಬಿಯೇ. ದೊಡ್ಡ ಅಂಕಿ ನಂಬಿ 5500ಯು ಲ್ಯಾಪ್‌ಟಾಪನ್ನು ಎಕ್ಸ್‌ಚೇಂಜಿಗೆ ಕೊಟ್ಟವರು ದುಡ್ಡು ತೆತ್ತು ಹಿಂದಕ್ಕೆ ಹೋದಂತೆ. ಕೊಳ್ಳುವವರನ್ನು ಹೀಗೆ ಅಂಕಿಗಳ ಗೊಂದಲದಲ್ಲಿ ಬಿಡುವುದು ಸರಿಯಲ್ಲ. ಅದನ್ನು ಕಂಪನಿಗಳು ಸರಿಪಡಿಸುವವರೆಗೆ, ಪೆಟ್ಟಿಗೆಯ ಮೇಲಿನ ಪೂರ್ತಿ ಪ್ರೊಸೆಸರ್ ನಂಬರ್ ಬರೆದುಕೊಂಡು ಮನೆಗೆ ಬಂದು ನೋಡುವುದೇ ಕ್ಷೇಮ.

ಹಾಗಾದರೆ ‘ಲ್ಯಾಪ್‌ಟಾಪ್ ಬಾಳ ಸ್ಲೋ ಆಗ್ಯಾದ’ ಎಂಬ ದೂರು ಸುಳ್ಳೇ? ಅಲ್ಲ. ಆದರೆ ನಿಧಾನಕ್ಕೆ ಕಾರಣ ಪ್ರೊಸೆಸರ್ ಆಗಿರುವುದು ಅಪರೂಪ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ದಿನವೂ ಮಾಡುವ ಕೆಲಸವನ್ನೇ ಮಾಡುತ್ತಾ ಅದನ್ನು ನೋಡಬೇಕು: ಬ್ರೌಸರಿನಲ್ಲಿ ಹತ್ತು ಹನ್ನೆರಡು ಟ್ಯಾಬ್, ಒಂದು ಪಿಡಿಎಫ್, ಜೊತೆಗೆ ಒಂದು ವಿಡಿಯೊ ಕರೆ. ಮೆಮೊರಿ ಶೇ 90 ದಾಟಿ, ಸಿಪಿಯು ಶೇ 30ರಲ್ಲೇ ಇದ್ದರೆ ಕೊರತೆ ರ‍್ಯಾಮಿನದು. ಡಿಸ್ಕ್ ಶೇ 100 ತೋರಿಸುತ್ತಾ ಉಳಿದದ್ದೆಲ್ಲ ಸುಮ್ಮನಿದ್ದರೆ, ಒಳಗೆ ಹಳೆಯ ಹಾರ್ಡ್ ಡಿಸ್ಕ್ ಇದೆಯೇ ಅಥವಾ ಎಸ್‌ಎಸ್‌ಡಿ ತುಂಬಿಹೋಗಿದೆಯೇ ನೋಡಬೇಕು.

ಹಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮಿಗೆ ಎರಡು ಸ್ಲಾಟ್ ಇರುತ್ತವೆ; ಕಂಪನಿ ಒಂದರಲ್ಲಷ್ಟೇ 8 ಜಿಬಿ ಹಾಕಿ ಕಳಿಸಿರುತ್ತದೆ. ಖಾಲಿ ಸ್ಲಾಟಿಗೆ ಇನ್ನೊಂದು 8 ಜಿಬಿ ಹಾಕಿದರೆ ಮೆಮೊರಿ ದುಪ್ಪಟ್ಟಾಗುತ್ತದೆ, ಎರಡೂ ಸೇರಿ ಕೆಲಸ ಮಾಡುವುದರಿಂದ ಗ್ರಾಫಿಕ್ಸ್ ಕೂಡ ಚುರುಕಾಗುತ್ತದೆ. ಡಿಡಿಆರ್4 ಇರುವಲ್ಲಿ ಡಿಡಿಆರ್5 ಕೂರುವುದಿಲ್ಲ, ಕೊಳ್ಳುವ ಮುಂಚೆ ಇದನ್ನು ಖಚಿತ ಮಾಡಿಕೊಳ್ಳಬೇಕು. ಈ ದಾರಿ ಮುಂಚಿನಷ್ಟು ಅಗ್ಗವಾಗಿಲ್ಲ ಎಂಬುದೂ ನಿಜ. ಎಐ ಸರ್ವರ್‌ಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ಜಗತ್ತಿನಾದ್ಯಂತ ರ‍್ಯಾಮ್ ಬೆಲೆ ಜಿಗಿಯಿತು. ಬಿಡಿ ರ‍್ಯಾಮಿಗೆ ಹೆಸರಾದ ಕ್ರೂಷಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯಾಪಾರದಿಂದ ಹೊರನಡೆಯುವುದಾಗಿ ಮೈಕ್ರಾನ್ ಕಂಪನಿ ಆ ಡಿಸೆಂಬರಿನಲ್ಲಿ ಹೇಳಿತು. ಆದರೆ ಹೊಸ ಲ್ಯಾಪ್‌ಟಾಪಿಗೂ ಅದೇ ರ‍್ಯಾಮ್ ಬೇಕಲ್ಲ. ಅದರ ಬೆಲೆಯೊಳಗೂ ಈ ಏರಿಕೆ ಕೂತಿರುತ್ತದೆ.

ಗದ್ವಾಲ, ಮಕ್ತಲ್, ನಾರಾಯಣಪೇಟೆಯ ಕಡೆ ಲ್ಯಾಪ್‌ಟಾಪ್ ನಿಧಾನವಾಗಲು ಇನ್ನೊಂದು ಕಾರಣವೂ ಸೇರುತ್ತದೆ: ಬಿಸಿಲು ಮತ್ತು ಧೂಳು. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಲೀಥಿಯಂ ಬ್ಯಾಟರಿ ಸೆಕೆಗೆ ಬೇಗ ಮುಪ್ಪಾಗುತ್ತದೆ. 35 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಬಳಸಬೇಡಿ ಎಂದು ಆಪಲ್ ತನ್ನ ಬಳಕೆದಾರರಿಗೆ ಹೇಳುತ್ತದೆ. ಹತ್ತಿಯ ನಯ ಎಳೆ, ಹೊಲದ ಧೂಳು ಫ್ಯಾನಿನ ಬಾಯಿಗೆ ಕಟ್ಟಿಕೊಂಡರೆ ಪ್ರೊಸೆಸರ್ ಕಾದು, ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಬೆಳಿಗ್ಗೆ ಚೆನ್ನಾಗಿ ಓಡಿ ಮಧ್ಯಾಹ್ನ ತೆವಳುವ ಲ್ಯಾಪ್‌ಟಾಪನ್ನು ಮೊದಲು ರಿಪೇರಿ ಅಂಗಡಿಯಲ್ಲಿ ಬಿಚ್ಚಿಸಿ ಫ್ಯಾನ್ ಸ್ವಚ್ಛ ಮಾಡಿಸಿ, ಥರ್ಮಲ್ ಪೇಸ್ಟ್ ಬದಲಿಸಬೇಕು. ಬ್ಯಾಟರಿಯ ಸ್ಥಿತಿಯನ್ನೂ ಊಹಿಸಬೇಕಿಲ್ಲ. ವಿಂಡೋಸ್ ಕೊಡುವ ಬ್ಯಾಟರಿ ರಿಪೋರ್ಟಿನಲ್ಲಿ ಹೊಸತಿದ್ದಾಗಿನ ಸಾಮರ್ಥ್ಯ ಮತ್ತು ಈಗ ತುಂಬಿಕೊಳ್ಳುವ ಸಾಮರ್ಥ್ಯ ಎರಡೂ ಇರುತ್ತವೆ. ಎರಡನೆಯದು ಅರ್ಧಕ್ಕೆ ಇಳಿದಿದ್ದರೆ ಬೇಕಾದದ್ದು ಹೊಸ ಬ್ಯಾಟರಿ. ಕರೆಂಟ್ ಹೋಗಿಬರುವ ಊರಲ್ಲಿ ಈ ಒಂದು ಬದಲಾವಣೆಯಿಂದಲೇ ಲ್ಯಾಪ್‌ಟಾಪಿಗೆ ಮರುಜೀವ ಬಂದಂತಾಗುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಉಚಿತ ಬೆಂಬಲ ಮುಗಿದಾಗ ಅನೇಕರು ಗಾಬರಿಯಾದರು. ಇಂಟೆಲ್ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಮತ್ತು ಟಿಪಿಎಂ 2.0 ಇದ್ದರೆ ಸಾಮಾನ್ಯವಾಗಿ ವಿಂಡೋಸ್ 11 ನಡೆಯುತ್ತದೆ. 2022ರ ಮಾಡೆಲ್ಲಿನವರು ಇದಕ್ಕಾಗಿ ಹೊಸದು ಕೊಳ್ಳಬೇಕಿಲ್ಲ. ‘ಎಐ ಪಿಸಿ’ಯ ಮಾತೂ ಹೀಗೆಯೇ. 2024ರ ಮೇನಲ್ಲಿ ಘೋಷಿಸಿದ ಕೋಪೈಲಟ್ ಪ್ಲಸ್ ಪಿಸಿಗಳಿಗೆ ಎಐ ಲೆಕ್ಕಾಚಾರಕ್ಕೆಂದೇ ಇರುವ ಎನ್‌ಪಿಯು ಎಂಬ ಪ್ರತ್ಯೇಕ ಭಾಗ, ಕನಿಷ್ಠ 16 ಜಿಬಿ ರ‍್ಯಾಮ್ ಬೇಕು. ಚಾಟ್‌ಜಿಪಿಟಿ, ಜೆಮಿನೈಗಳನ್ನು ಬ್ರೌಸರಿನಲ್ಲಿ ಬಳಸಲು ಅದೇನೂ ಬೇಡ; ಆ ಲೆಕ್ಕಾಚಾರ ನಡೆಯುವುದು ದೂರದ ಸರ್ವರಿನಲ್ಲಿ.

ಬದಲಿಸಲೇಬೇಕಾದ ಸಂದರ್ಭಗಳೂ ಇವೆ. ಮೆಕ್ಯಾನಿಕಲ್ ವಿದ್ಯಾರ್ಥಿ ತ್ರೀಡಿ ವಿನ್ಯಾಸಕ್ಕೆ ಇಳಿದಾಗ, ಮದುವೆ ವಿಡಿಯೊ ಎಡಿಟಿಂಗನ್ನೇ ಕಸುಬು ಮಾಡಿಕೊಂಡಾಗ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕಾಗುತ್ತದೆ. ಅದನ್ನು ಲ್ಯಾಪ್‌ಟಾಪಿನೊಳಗೆ ಆಮೇಲೆ ಸೇರಿಸಲಾಗದು. ಬೆಸುಗೆಯ 8 ಜಿಬಿ ರ‍್ಯಾಮಿನಲ್ಲಿ ದಿನವೂ ಒದ್ದಾಡುವವರಿಗೂ ಬೇರೆ ದಾರಿಯಿಲ್ಲ. ಆಪಲ್ಲಿನ ಮ್ಯಾಕ್‌ಬುಕ್ ಏರ್ 2024ರ ಅಕ್ಟೋಬರಿನವರೆಗೂ 8 ಜಿಬಿಯಿಂದಲೇ ಶುರುವಾಗುತ್ತಿತ್ತು, ಆಮೇಲೆ ಅದೇ ಬೆಲೆಗೆ 16 ಜಿಬಿ ಆಯಿತು. ಅಂಥ ಜಿಗಿತಕ್ಕೆ ದುಡ್ಡು ಹಾಕುವುದು ಸರಿ.

ಕನ್ನಡದಲ್ಲಿ ಬರೆಯುವವರು ಲ್ಯಾಪ್‌ಟಾಪ್ ಬದಲಿಸುವಾಗ ಒಂದು ವಿಷಯ ಗಮನಿಸಬೇಕು. ಕನ್ನಡ ಗಣಕ ಪರಿಷತ್ತಿನ ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಯಲ್ಲಿ ಮಾಡಿಟ್ಟ ಕಡತಗಳು, ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಅವನ್ನು ಹಳೆಯ ಲ್ಯಾಪ್‌ಟಾಪಿನಲ್ಲೇ ಯೂನಿಕೋಡಿಗೆ ಪರಿವರ್ತಿಸಿ, ಮೂಲ ಪ್ರತಿಯನ್ನೂ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬೇಕು. ಕನ್ನಡ, ತೆಲುಗು ಎರಡನ್ನೂ ಟೈಪ್ ಮಾಡುವ ಗಡಿಯೂರಿನವರಿಗೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ಅನುಕೂಲ. ಎರಡು ಭಾಷೆಯ ‘ಕ’ಕಾರಕ್ಕೂ ಕೀಲಿ ಒಂದೇ, ವಿಂಡೋಸಿನಲ್ಲಿ ಅದು ಉಚಿತವಾಗಿಯೇ ಇದೆ.

ಹಳೆಯದು ತಮ್ಮನಿಗೋ ತಂಗಿಗೋ ಹೋಗುವುದಾದರೆ, ಕೊಡುವ ಮುಂಚೆ ಬೇಕಾದ ಕಡತಗಳನ್ನೆಲ್ಲ ನಕಲು ಮಾಡಿಕೊಂಡು, ಮೈಕ್ರೋಸಾಫ್ಟ್ ಖಾತೆಯಿಂದ ಹೊರಬಂದು ರೀಸೆಟ್ ಮಾಡಬೇಕು. ಹೊಸ ಯಂತ್ರದಲ್ಲಿ ಡಿಸ್ಕ್ ಬೀಗ (ಎನ್‌ಕ್ರಿಪ್ಶನ್) ಚಾಲೂ ಆಗಿದೆಯೇ ನೋಡಿ, ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಮಾರ್ಕ್ಸ್‌ಕಾರ್ಡ್ ಇಡುವ ಫೈಲಿನಲ್ಲಿ ಸೇರಿಸಿಬಿಡಬೇಕು.