ಕೀಲಿಮಣೆಯನ್ನು ಗಣಕಯಂತ್ರವು ಗುರುತಿಸದಿದ್ದಾಗ: ಖರೀದಿಗೆ ಅನುಮೋದನೆ ನೀಡುವ ಮುನ್ನ

ಪಂಚಾಯಿತಿ ಕಚೇರಿಯ ಗಣಕಯಂತ್ರವು ಕೀಲಿಮಣೆಯನ್ನು ಗುರುತಿಸದೆ ಹೋದ ದಿನ ಬಾಪೂಜಿ ಸೇವಾ ಕೇಂದ್ರದ ಅರ್ಜಿಯಾಗಲಿ, ಇ-ಸ್ವತ್ತು ನಮೂನೆಯಾಗಲಿ ಮುಂದೆ ಸಾಗುವುದಿಲ್ಲ. ಕೂಲಿ ಬಿಟ್ಟು ಬಂದ ಅರ್ಜಿದಾರರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಮುಂದಿನ ಸಭೆಗೆ ಹೊಸ ಕೀಲಿಮಣೆಯ, ಕೆಲವೊಮ್ಮೆ ಹೊಸ ಗಣಕಯಂತ್ರದ ಖರೀದಿ ಪ್ರಸ್ತಾವವೇ ಬರುವುದುಂಟು. ಅದಕ್ಕೆ ಒಪ್ಪಿಗೆ ನೀಡುವ ಮುನ್ನ ದೋಷವು ನಿಜವಾಗಿ ಕೀಲಿಮಣೆಯಲ್ಲಿಯೇ ಇದೆಯೇ ಎಂಬುದನ್ನು ಮಾನ್ಯ ಸದಸ್ಯರು ಕೇಳಿ ತಿಳಿಯುವುದು ಸೂಕ್ತ.

ಮೊದಲು ಗಮನಿಸಬೇಕಾದುದು ಕೀಲಿಮಣೆಯ ತಂತಿಯನ್ನು ಎಲ್ಲಿಗೆ ಜೋಡಿಸಲಾಗಿದೆ ಎಂಬುದು. ಬೆರಳಚ್ಚು ಸಾಧನ, ಡಿಜಿಟಲ್ ಸಹಿಯ ಟೋಕನ್, ವೆಬ್ ಕ್ಯಾಮೆರಾ, ಕೀಲಿಮಣೆ ಎಲ್ಲವನ್ನೂ ಒಂದೇ ಯುಎಸ್‌ಬಿ ಹಬ್‌ಗೆ ಸಿಕ್ಕಿಸುವುದು ಕಚೇರಿಗಳಲ್ಲಿ ಕಂಡುಬರುವ ರೂಢಿ. ಪ್ರತ್ಯೇಕ ವಿದ್ಯುತ್ ಸಂಪರ್ಕವಿಲ್ಲದ ಹಬ್, ಯುಎಸ್‌ಬಿ 2.0 ಪೋರ್ಟ್‌ನಿಂದ ದೊರೆಯುವ 500 ಮಿಲಿಆಂಪಿಯರ್ ವಿದ್ಯುತ್ತನ್ನೇ ಎಲ್ಲ ಸಾಧನಗಳಿಗೂ ಹಂಚಬೇಕಾಗುತ್ತದೆ. ಒಂದೊಂದರ ಪಾಲಿಗೆ ಬರುವುದು 100 ಮಿಲಿಆಂಪಿಯರ್ ಮಾತ್ರ. ವಿದ್ಯುತ್ತು ಸಾಲದಾದಾಗ ಯಾವುದಾದರೊಂದು ಸಾಧನವು ವ್ಯವಸ್ಥೆಯ ಕಣ್ಣಿಗೆ ಬೀಳದೆ ಹೋಗುತ್ತದೆ. ಅದು ಕೀಲಿಮಣೆಯಾಗಿದ್ದರೆ ಅಪವಾದವೂ ಅದಕ್ಕೇ. ಗಣಕಯಂತ್ರದ ಹಿಂಬದಿಯ ಪೋರ್ಟ್‌ಗೆ ನೇರವಾಗಿ ಜೋಡಿಸಿದರೆ ಇಂತಹ ತೊಂದರೆ ಅಲ್ಲಿಗೇ ಮುಗಿಯುತ್ತದೆ. ನೇರಳೆ ಬಣ್ಣದ ದುಂಡನೆಯ ಪಿಎಸ್/2 ಪೋರ್ಟ್ ಉಳ್ಳ ಹಳೆಯ ಯಂತ್ರವಾದರೆ, ಯಂತ್ರವನ್ನು ಆರಿಸಿಯೇ ಜೋಡಿಸಿ ಮತ್ತೆ ಚಾಲನೆಗೊಳಿಸಬೇಕು.

ಬಳಿಕ ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿ ನೋಡಬೇಕು. ಅದರ ದೀಪವನ್ನು ಬೆಳಗಿಸುವಂತೆ ಸೂಚಿಸುವುದು ಕಾರ್ಯಾಚರಣ ವ್ಯವಸ್ಥೆಯೇ ಹೊರತು ಕೀಲಿಮಣೆಯಲ್ಲ. ಆದುದರಿಂದ ದೀಪವು ಹೊತ್ತಿ ಆರುತ್ತಿದ್ದರೆ ಕೀಲಿಮಣೆಯನ್ನು ಗುರುತಿಸಲಾಗಿದೆ ಎಂದೇ ಅರ್ಥ. ಕೀಲಿಯನ್ನು ಒಂದೆರಡು ಕ್ಷಣ ಅದುಮಿ ಹಿಡಿದಾಗ ಮಾತ್ರ ಅಕ್ಷರ ಮೂಡುತ್ತಿದ್ದರೆ, ವಿಂಡೋಸ್‌ನ ಫಿಲ್ಟರ್ ಕೀಸ್ ಎಂಬ ಸೌಲಭ್ಯ ಜಾರಿಯಲ್ಲಿರಬಹುದು. ಬಲಬದಿಯ ಶಿಫ್ಟ್ ಕೀಲಿಯನ್ನು 8 ಸೆಕೆಂಡು ಒತ್ತಿ ಹಿಡಿದರೆ ಅದನ್ನು ಆರಂಭಿಸುವ ಸೂಚನೆ ತೆರೆಯುತ್ತದೆ. ಕೀಲಿಮಣೆಯ ಮೇಲೆ ಕಡತದ ಕಟ್ಟು ಇರಿಸಿದರೂ ಇದು ಸಂಭವಿಸೀತು.

ದೀಪವೇ ಹೊತ್ತದಿದ್ದರೆ ಯಂತ್ರವನ್ನು ರೀಸ್ಟಾರ್ಟ್ ಮಾಡಬೇಕು. ಶಟ್ ಡೌನ್ ಮಾಡಿದರೆ ಸಾಲದು: ವಿಂಡೋಸ್ 8ರ ನಂತರದ ಆವೃತ್ತಿಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವಿದ್ದಾಗ, ಶಟ್ ಡೌನ್ ಆದರೂ ಚಾಲಕ ತಂತ್ರಾಂಶದ ಹಳೆಯ ಸ್ಥಿತಿಯೇ ಉಳಿದುಕೊಳ್ಳುತ್ತದೆ. ಯಂತ್ರ ಆರಂಭವಾಗುವಾಗ ಎಫ್2 ಅಥವಾ ಡಿಲೀಟ್ ಒತ್ತಿ ಬಯೋಸ್ ಪರದೆ ತೆರೆಯಬೇಕು. ಯಾವ ಕೀಲಿ ಎಂಬುದು ಯಂತ್ರದ ತಯಾರಿಕೆಯನ್ನು ಅವಲಂಬಿಸಿದೆ. ಅಲ್ಲಿ ಕೀಲಿಗಳು ಸ್ಪಂದಿಸಿದರೆ ಕೀಲಿಮಣೆ ಸುಸ್ಥಿತಿಯಲ್ಲಿದೆ, ದೋಷ ತಂತ್ರಾಂಶದ್ದು. ಆಗ ಡಿವೈಸ್ ಮ್ಯಾನೇಜರ್‌ನಲ್ಲಿ ಕೀಲಿಮಣೆಯ ನಮೂದನ್ನು ಮೌಸ್ ಮೂಲಕ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ವ್ಯವಸ್ಥೆಯು ಚಾಲಕ ತಂತ್ರಾಂಶವನ್ನು ತಾನಾಗಿಯೇ ಮರಳಿ ಅಳವಡಿಸುತ್ತದೆ. ಗುಪ್ತಪದ ನಮೂದಿಸಲು, ಕಾದು ಕುಳಿತ ಅರ್ಜಿದಾರರ ಕೆಲಸ ಮುಗಿಸಲು, ಪರದೆಯ ಮೇಲಿನ ಕೀಲಿಮಣೆಯನ್ನು ಮೌಸ್‌ನಿಂದ ಬಳಸಬಹುದು. ನಿಧಾನವಾದರೂ ಕೆಲಸ ನಿಲ್ಲುವುದಿಲ್ಲ.

ಇಷ್ಟಾದರೂ ಫಲ ಕಾಣದಿದ್ದಲ್ಲಿ ಕೀಲಿಮಣೆಯನ್ನು ಅರಿವು ಕೇಂದ್ರದ ಅಥವಾ ಬೇರಾವುದಾದರೂ ಗಣಕಯಂತ್ರಕ್ಕೆ ಜೋಡಿಸಿ ನೋಡತಕ್ಕದ್ದು. ಅಲ್ಲಿಯೂ ಕೆಲಸ ಮಾಡದಿದ್ದರೆ ಹೊಸ ಕೀಲಿಮಣೆಯ ಖರೀದಿ ಪ್ರಸ್ತಾವವನ್ನು, ನಡೆಸಿದ ಪರೀಕ್ಷೆಗಳ ಟಿಪ್ಪಣಿಯೊಂದಿಗೆ, ಸಭೆಯ ಮುಂದಿರಿಸಬಹುದು.